ಹತ್ತು ಮನೆಯ ನಂಬರು

ಹುಮನಾಬಾದ ತಾಲೂಕಿನ ಹುಡಗಿ ಎಂಬ ಊರಲ್ಲಿ ದ್ರೌಪತಿಯನ್ನು ಹೊಲಿಗೆಯವಳು ಎನ್ನುವುದಕ್ಕಿಂತ ನಂಬರಿನವಳು ಎಂದೇ ಗುರುತಿಸುತ್ತಿದ್ದರು. ಓಣಿಯಲ್ಲಿ ಮೊದಲು ಫೋನು ಬಂದದ್ದು ಅವಳ ಮನೆಗೆ. ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ಮೊಬೈಲ್ ನಂಬರು ಕೇಳಿದರೆ ಹತ್ತು ಮನೆಯ ಹೆಂಗಸರೂ ಅವಳದೇ ಬರೆಸಿ ಬಂದರು. ಯಾರ ಖಾತೆಗೆ ದುಡ್ಡು ಬಿದ್ದರೂ ಸುದ್ದಿ ಅವಳ ಫೋನಿಗೆ. ಅವಳು ಕೈಯಲ್ಲಿದ್ದ ಹೊಲಿಗೆ ಬಿಟ್ಟೆದ್ದು ಹೋಗಿ ಅವರ ಕಿವಿಯಲ್ಲಷ್ಟೇ ಹೇಳಿ ಬರುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಒಂದು ಮನೆಯ ಗುಟ್ಟು ಇನ್ನೊಂದು ಮನೆಗೆ ದಾಟಲಿಲ್ಲ. ಅಂಥ ಬಾಯಿ ಈಗ ಎಲ್ಲಿ ಸಿಗುತ್ತದೆ ಹೇಳಿ.

ಎದುರು ಮನೆಯ ಗಯಾಬಾಯಿಯ ಗುಟ್ಟು ಅದರಲ್ಲಿ ದೊಡ್ಡದು. ಮಗಳು ಸಪ್ನಾಳನ್ನು ಬಸವಕಲ್ಯಾಣದಲ್ಲಿ ನರ್ಸಿಂಗ್ ಓದಿಸಬೇಕೆಂದು ಅವಳು ಕೂಲಿಯಲ್ಲಿ ಉಳಿಸಿ, ಗಂಡ ಕಾಶಿರಾಮನಿಗೆ ತಿಳಿಯದಂತೆ, ಮೂವತ್ತೊಂದು ಸಾವಿರ ಕೂಡಿಟ್ಟಿದ್ದಳು. ಅದು ದ್ರೌಪತಿಯೊಬ್ಬಳಿಗೇ ಗೊತ್ತು.

ಕಳೆದ ವರ್ಷ ಹೊಲಿಗೆ ಯಂತ್ರಕ್ಕೆ ಮೋಟರ್ ಕೂರಿಸಲು ದ್ರೌಪತಿ ಫೋನಿನ ಒಂದು ಆ್ಯಪ್‌ನಲ್ಲಿ ಆರು ಸಾವಿರ ಸಾಲ ತೆಗೆದಳು. ಫೋನಿನಲ್ಲಿರುವ ಹೆಸರು ನಂಬರುಗಳನ್ನು ನೋಡಲೇ, ಮೆಸೇಜು ಓದಲೇ ಎಂದು ಅದು ಒಂದೊಂದಕ್ಕೂ ಅನುಮತಿ ಕೇಳಿತು. ಇಷ್ಟು ಮರ್ಯಾದೆಯಿಂದ ಕೇಳುವವರಿಗೆ ಇಲ್ಲ ಅನ್ನುವುದು ಹೇಗೆ? ಎಲ್ಲಕ್ಕೂ ಹೂಂ ಎಂದು ಒತ್ತಿದಳು. ಆ ಮೆಸೇಜುಗಳು ತನ್ನವಷ್ಟೇ ಅಲ್ಲ ಎಂಬುದು ಪಾಪ, ಅವಳಿಗೆ ಹೊಳೆಯಲೇ ಇಲ್ಲ.

ಕಂತು ನಾಲ್ಕು ದಿನ ತಡವಾಯಿತು. ಅವಳ ಫೋನಿನಲ್ಲಿ ‘ಗಯಾಬಾಯಿ ಗಂಡ’ ಎಂದಿದ್ದ ನಂಬರು ಹಿಡಿದು ವಸೂಲಿಯವನು ನೇರ ಕಾಶಿರಾಮನಿಗೇ ಫೋನು ಮಾಡಿ, ನಿನ್ನ ಹೆಂಡತಿಯ ಖಾತೆಯಲ್ಲಿ ಮೂವತ್ತೊಂದು ಸಾವಿರ ಇದೆ, ದ್ರೌಪತಿಯ ಕಂತು ನೀನೇ ಕಟ್ಟು ಎಂದು ಬೈದ. ಕಾಶಿರಾಮ ಯಾವ ಕಂತೂ ಕಟ್ಟಲಿಲ್ಲ. ಹೆಂಡತಿಯನ್ನು ಬ್ಯಾಂಕಿಗೆ ಎಳೆದುಕೊಂಡು ಹೋಗಿ ಅಷ್ಟೂ ತೆಗೆಸಿ, ಹಳೆಯ ಮೋಟರ್ ಸೈಕಲ್ ತಂದು ಬಾಗಿಲಲ್ಲಿ ನಿಲ್ಲಿಸಿದ. ಸಪ್ನಾಳ ಸೀಟು ಹೋಯಿತು.

ದ್ರೌಪತಿ ಹುಮನಾಬಾದಿಗೆ ಹೋಗಿ ವಕೀಲೆ ಫರ್ಹೀನ್ ಅವರ ಮುಂದೆ ಕೂತು ಅತ್ತಳು. ಸಾಲದ ಆ್ಯಪ್ ಫೋನಿನಲ್ಲಿರುವ ಹೆಸರುಗಳನ್ನು ಮುಟ್ಟಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ, ಜನರ ಖಾಸಗಿ ಮಾಹಿತಿ ಕಾಯಲು ಹೊಸ ಕಾನೂನೂ ಬಂದಿದೆ ಎಂದು ಅವರು ದೂರು ಬರೆಸಿದರು. ಎಂಟು ತಿಂಗಳಿಗೆ ಆ್ಯಪ್ ಬಂದ್ ಆಯಿತು. ತಪ್ಪು ಅದರದೇ ಎಂದು ಕಾಗದವೂ ಬಂತು. ಅದನ್ನು ಹಿಡಿದುಕೊಂಡು ದ್ರೌಪತಿ ಎದುರು ಮನೆಗೆ ಓಡಿದಳು.

“ನಾ ಯಾರ ಮುಂದೂ ಹೇಳಿಲ್ಲ ಗಯಾ. ನೋಡ, ಇದರಾಗ ಬರದಾರ.”

ಗಯಾಬಾಯಿ ಕಾಗದ ಮುಟ್ಟಲಿಲ್ಲ. “ನೀ ಹೇಳಿಲ್ಲಂತ ನನಗ ಗೊತ್ತದ ಅಕ್ಕಾ. ಆದ್ರ ನಿನ್ನ ಫೋನು ಹೇಳ್ಯದಲ್ಲ.”

ಮುಂದಿನ ವಾರ ಒಂದು ಮಧ್ಯಾಹ್ನ ದ್ರೌಪತಿಯ ಫೋನಿಗೆ ಬ್ಯಾಂಕಿನಿಂದ ಆರಂಕಿಯ ಓಟಿಪಿ ಬಂತು. ಹಿಂದೆಯೇ ಗುರುತಿಲ್ಲದ ನಂಬರಿನಿಂದ ಕರೆ. ಮಾಡಿದವಳು ಗಯಾಬಾಯಿ, ಹುಮನಾಬಾದಿನ ಬ್ಯಾಂಕಿನಲ್ಲಿದ್ದಳು. ತನ್ನದೇ ಫೋನು ಕೊಂಡಿದ್ದಳು. ಖಾತೆಯಿಂದ ಹಳೆಯ ನಂಬರು ತೆಗೆಸಲು ಆ ಓಟಿಪಿ ಬೇಕಂತೆ. ದ್ರೌಪತಿ ಒಂದೊಂದೇ ಅಂಕಿ ಓದಿ ಹೇಳಿದಳು, ಒಂದೂ ತಪ್ಪಲಿಲ್ಲ.

“ಆಯ್ತ್ರಿ,” ಎಂದಳು ಗಯಾಬಾಯಿ. “ಇನ್ನ ನಿಮಗ ತ್ರಾಸ ಕೊಡಂಗಿಲ್ರಿ.”

ಇಷ್ಟು ವರ್ಷದಲ್ಲಿ ಅವಳು ದ್ರೌಪತಿಗೆ ‘ರಿ’ ಹಚ್ಚಿ ಮಾತಾಡಿದ್ದು ಅದೇ ಮೊದಲು.