ಎರಡು ಗಂಧಾರ

ಊರಿಗೊಂದು ವೇಷ ಹಾಕಿದವನು ಎಂದು ನನ್ನನ್ನು ಆಡಿಕೊಂಡವರು ಬಹಳ. ಆಡಿಕೊಳ್ಳಲಿ, ಅವರ ಬಾಯಿಗೆ ನಾನೇಕೆ ಕೀಲಿ ಹಾಕಲಿ. ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಕಮತಗಿಯ ಮಠವೊಂದರಲ್ಲಿ ವಚನ ಹಾಡುವವರಿಗೆ ಪೇಟಿ ಬಾರಿಸುತ್ತಿದ್ದೆ. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಅನ್ನುತ್ತಾರೆ, ಬಾರಿಸುವವನಿಗೆ ಇನ್ನೂ ಮೀಸೆ ಮೂಡದಿದ್ದರೂ ಅವನು ಪೇಟಿ ಮಾಸ್ತರನೇ. ಬಾದಾಮಿಯಲ್ಲಿ ನಾಟಕ ಕಂಪನಿಯೊಂದು ಬೀಡುಬಿಟ್ಟಿದ್ದಾಗ ಅವರ ಮಾಸ್ತರ ಜಗಳ ಮಾಡಿಕೊಂಡು ಎದ್ದುಹೋದ. ಮೂರು ದಿನದ ಮಟ್ಟಿಗೆ ಎಂದು ಹೋದ ನಾನು ಐದು ವರ್ಷ ಅವರ ಜೊತೆ ಊರೂರು ತಿರುಗಿದೆ. ಶರಣರ ಮಾತಿಗೆ ನುಡಿಸಿದ ಬೆರಳಿನಿಂದ ಕುಡುಕನ ಪಾರ್ಟಿನ ಹಾಡು ನುಡಿಸುತ್ತೀಯಲ್ಲ, ನಾಚಿಕೆಯಿಲ್ಲವೇ ಎಂದು ಮಠದ ಹಿರಿಯರು ಮಾತು ಬಿಟ್ಟರು. ನಿಜ ಹೇಳಬೇಕೆಂದರೆ ನಾಚಿಕೆ ಇರಲಿಲ್ಲ. ರಂಗದ ಮೇಲೆ ಎಂಥ ರಾಜನಾದರೂ ಬಾಯಿ ತೆರೆಯುವ ಮೊದಲು ಸುರಿಗಾಗಿ, ಅಂದರೆ ಹಾಡು ಎತ್ತುವ ಸ್ವರಕ್ಕಾಗಿ, ಪೇಟಿಯವನ ಮುಖ ನೋಡಬೇಕು. ಆ ಸೊಕ್ಕು ನನಗೆ ಬಹಳ ರುಚಿಸಿತ್ತು.

ಕಂಪನಿ ಮುಳುಗಿತು. ಸಿನಿಮಾ ಬಂದು ಮುಳುಗಿಸಿತು ಎಂದು ಎಲ್ಲರೂ ರಾಗ ಎಳೆಯುತ್ತಾರೆ, ನಮ್ಮದನ್ನು ಮುಳುಗಿಸಿದ್ದು ಮಾಲಕರ ಮಕ್ಕಳ ಕಚ್ಚಾಟ. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು, ತೊಡೆಯ ಮೇಲೆ ಒಂದು ಹೆಣ್ಣು ಕೂಸಿತ್ತು. ಹೆಂಡತಿಯ ತವರು ಇಳಕಲ್ಲಿಗೆ ಬಂದು, ಅಲ್ಲಿಯ ಮದುವೆ ಬ್ಯಾಂಡ್ ಸೇರಿ ಕ್ಲಾರಿಯೋನೆಟ್ ಕಲಿತೆ. ಕೆಂಪು ಕೋಟು, ಹಿತ್ತಾಳೆ ಗುಂಡಿ. ನನ್ನ ಎಡಕ್ಕೆ ದೊಡ್ಡ ಢೋಲಿನವನು, ಬೆನ್ನ ಹಿಂದೆ ಇಬ್ಬರು ತುತ್ತೂರಿಯವರು. ಸಾಲಿನ ನಡುವಿನ ಆ ಜಾಗ ಮಾನದ್ದು. ಆರು ವರ್ಷ ಯಾರಿಗೂ ಬಿಟ್ಟುಕೊಡದೆ ಅಲ್ಲೇ ನಿಂತೆ, ಮೂರ್ಖ.

ಒಂದು ಬೆಳಿಗ್ಗೆ ಮನೆಯಲ್ಲಿ ಪೇಟಿಯ ಮುಂದೆ ಕೂತು ಒಂದು ಬಿಳಿ ಪಟ್ಟಿ ಒತ್ತಿದೆ. ಬಲಗಿವಿಯಲ್ಲಿ ಒಂದು ಸ್ವರ ಕೇಳಿತು, ಎಡಗಿವಿಯಲ್ಲಿ ಅದಕ್ಕಿಂತ ತುಸು ಇಳಿದ ಇನ್ನೊಂದು. ನೆಗಡಿಯೆಂದು ಬಿಸಿ ಎಣ್ಣೆ ಬಿಟ್ಟುಕೊಂಡೆ. ವಾರ ಕಳೆದರೂ ಎರಡೇ ಕೇಳಿದವು. ಕಡೆಗೆ ಹುನಗುಂದದ ದವಾಖಾನೆಗೆ ಹೋದೆ, ಇಳಕಲ್ಲಿನವರ ಕಣ್ಣಿಗೆ ಬೀಳಬಾರದೆಂದು. ಒಳಗಿನ ನರ ಕೆಟ್ಟಿದೆ, ಬ್ಯಾಂಡು ಬಿಡದಿದ್ದರೆ ಬಲಗಿವಿಯೂ ಅದೇ ದಾರಿ ಹಿಡಿಯುತ್ತದೆ ಎಂದರು ಡಾಕ್ಟರು. ಬಸ್ಸಿನಲ್ಲಿ ಬರುವಾಗ ಅತ್ತೆ. ಸುಳ್ಳೇಕೆ ಹೇಳಲಿ, ಪಕ್ಕದವನು ಯಾರು ತೀರಿಕೊಂಡರು ಎಂದು ಕೇಳುವಷ್ಟು ಅತ್ತೆ.

ಬ್ಯಾಂಡು ಬಿಟ್ಟೆ. ಬೇಸರ ಬಂತು, ಇನ್ನು ಹೊಸ ಕಾಲದ ಹಾಡು ಬಾರಿಸಬೇಕು ಎಂದು ಎಲ್ಲರೆದುರು ದೊಡ್ಡ ಮಾತಾಡಿ ಬಾಗಲಕೋಟೆಯ ಆರ್ಕೆಸ್ಟ್ರಾ ಒಂದನ್ನು ಸೇರಿಕೊಂಡೆ. ನಿಜವಾದ ಕಾರಣ ಬೇರೆ. ಅಲ್ಲಿ ಕರೆಂಟಿನ ಕೀಬೋರ್ಡ್ ಇತ್ತು, ಅದಕ್ಕೆ ಸುರು ಕೂಡಿಸುವ ಗೋಜಿಲ್ಲ. ಬೆರಳು ಸರಿಯಾದ ಜಾಗದಲ್ಲಿ ಬಿದ್ದರೆ ಕಿವಿ ಇದ್ದರೆಷ್ಟು ಬಿಟ್ಟರೆಷ್ಟು. ಮಾಸ್ತರ ಕಾಲಕ್ಕೆ ತಕ್ಕಂತೆ ಬದಲಾಗುತ್ತಾನೆ ಎಂದು ಜನ ಬೆನ್ನು ಚಪ್ಪರಿಸಿದರು. ಕಿವುಡನಾಗುತ್ತಿದ್ದಾನೆ ಎಂದು ಗೊತ್ತಾಗಿದ್ದರೆ ಒಬ್ಬನೂ ಕರೆಯುತ್ತಿರಲಿಲ್ಲ. ಬೇರೆ ಕೆಲಸ ಯಾವುದೂ ಬಾರದ ನಾನು ಎಲ್ಲಿಗೆ ಹೋಗಲಿ?

ಇಳಕಲ್ಲಿನಲ್ಲಿ ಕಿವುಡನೊಬ್ಬ ಅಡಗಿಕೊಳ್ಳುವುದು ಸುಲಭ. ಮನೆಯ ಎರಡೂ ಬದಿಗೆ ಮಗ್ಗ, ಬೆಳಗಿನಿಂದ ಸಂಜೆಯವರೆಗೆ ಖಟಪಟ. ಓಣಿಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ, ಎಲ್ಲರೂ ಏನೆಂದಿ ಎಂದು ಎರಡು ಸಲ ಕೇಳುತ್ತಾರೆ. ನಾನು ಮೂರು ಸಲ ಕೇಳಿದರೆ ಮಗ್ಗವನ್ನು ಬೈದು ಪಾರಾಗುತ್ತಿದ್ದೆ. ಹೆಂಡತಿಗೂ ಹೇಳಿರಲಿಲ್ಲ.

ತಪ್ಪು ಮಾಡಿದ್ದು ಇಲ್ಲೇ. ನಮ್ಮ ಮನೆಯ ಪೇಟಿಯ ಕೆಲವು ಸ್ವರಗಳು ನನ್ನ ಕಿವಿಗೆ ಇಳಿದಂತೆ ಕೇಳತೊಡಗಿದವು, ಸರಿಗಮದ ‘ಗ’, ಅಂದರೆ ಗಂಧಾರವಂತೂ ಪೂರಾ ಕುಸಿದಂತೆ. ಗಟ್ಟಿಯಿದ್ದ ಬಲಗಿವಿಗೂ ಹಾಗೆಯೇ ಕೇಳಿದ್ದರಿಂದ ಕೆಟ್ಟದ್ದು ಪೇಟಿಯೇ ಎಂದುಕೊಂಡೆ. ಪೇಟಿಯೊಳಗೆ ಪ್ರತಿ ಸ್ವರಕ್ಕೊಂದು ಹಿತ್ತಾಳೆಯ ನಾಲಿಗೆ ಇರುತ್ತದೆ, ಅದರ ತುದಿಯನ್ನು ಕಾನಸು ಎಂಬ ಅರದಿಂದ ಕೆರೆದರೆ ಸ್ವರ ಏರುತ್ತದೆ. ಪೇಟಿ ಮಾಸ್ತರನಾದವನು ತನ್ನ ಪೇಟಿಯನ್ನು ತಾನೇ ಕೆರೆಯಬೇಕು, ಪರರ ಕೈಗೆ ಕೊಟ್ಟವನನ್ನು ನಮ್ಮವರು ಮಾಸ್ತರನೆಂದೇ ಲೆಕ್ಕ ಹಿಡಿಯುವುದಿಲ್ಲ. ನಾನು ಕೆಟ್ಟ ಕಿವಿಯನ್ನು ನಂಬಿ ಒಳ್ಳೆಯ ಪೇಟಿಯನ್ನು ಕೆರೆದೆ.

ಆ ಪೇಟಿಯ ಮುಂದೆ ಕೂತು ನನ್ನ ಮಗಳು ಹಾಡು ಕಲಿತಳು. ಅವಳ ಕಂಠ ನನ್ನ ಹದಿನೆಂಟು ವರ್ಷದ ಅಲೆದಾಟದಲ್ಲಿ ಕೇಳಿದ ಎಲ್ಲ ಕಂಠಗಳಿಗಿಂತ ಮಿಗಿಲು. ಅಪ್ಪನ ಬಾಯಿ ಎನ್ನುವವರು ಎನ್ನಲಿ. ಸಾಲೆಯ ಪೇಟಿ ಬೇರೆ ಥರ ಕೇಳುತ್ತದಲ್ಲ ಎಂದು ಅವಳು ಒಂದು ಸಲ ಅಂದದ್ದುಂಟು. ಸಾಲೆಯ ಪೇಟಿಯನ್ನು ಇಲಿ ತಿಂದಿವೆ, ಅದರ ಸುದ್ದಿ ನನ್ನ ಹತ್ತಿರ ತರಬೇಡ ಎಂದು ರೇಗಿದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಅವಳಿಗೆ ಹದಿಮೂರು ತುಂಬಿದ ವರ್ಷ ಬಾಗಲಕೋಟೆಯಲ್ಲಿ ಸಂಗೀತದ ಪರೀಕ್ಷೆಗೆ ಕೂಡಿಸಿದೆ. ಪರೀಕ್ಷಕರು ಧಾರವಾಡದ ಕಡೆಯ ಹಿರಿಯರು. ತಬಲಾಕ್ಕೆ ಕೂತವನು ನಮ್ಮ ಆರ್ಕೆಸ್ಟ್ರಾದವನೇ, ಬಾಯಿ ಸ್ವಲ್ಪ ಸಡಿಲ. ಪೇಟಿ ಮಾತ್ರ ಅಲ್ಲಿಯದೇ ಆಗಬೇಕೆಂಬ ನಿಯಮ. ನಾನು ಹೊರಗಿನ ಕಟ್ಟೆಯ ಮೇಲೆ, ಬಲಗಿವಿಯನ್ನು ಕಿಟಕಿಗೆ ಹಚ್ಚಿ ಕೂತೆ.

ಮಗಳು ಭೂಪ ರಾಗ ಎತ್ತಿಕೊಂಡಳು. ಅದರಲ್ಲಿ ಗಂಧಾರವೇ ಜೀವ. ಅದೇ ಬಂದಾಗಲೆಲ್ಲ ಇಳಿದು ಬೀಳುತ್ತಿತ್ತು. ಮನೆಯಲ್ಲಿ ಒಂದು ದಿನವೂ ತಪ್ಪದ ಹುಡುಗಿ! ಹಾಳು ಪೇಟಿ ನನ್ನ ಮಗಳನ್ನು ಕೆಳಗೆ ಜಗ್ಗುತ್ತಿದೆ ಎಂದು ಸಿಟ್ಟು ನೆತ್ತಿಗೇರಿತು. ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದೆ.

"ನಿಮ್ಮ ಪೇಟಿ ಗಂಧಾರ ಇಳದೈತ್ರಿ," ಎಂದೆ. "ನನ್ನ ಮಗಳನ್ನ ಕೆಡಸಾಕತ್ತೈತಿ."

ಪರೀಕ್ಷಕರು ಸಿಟ್ಟಾಗಲಿಲ್ಲ. "ಪೇಟಿ ಬರೋಬ್ಬರಿ ಅದರಿ ಮಾಸ್ತರ. ಹುಡುಗಿನೂ ಬರೋಬ್ಬರಿ ಹಾಡ್ಲಿಕ್ಕತ್ತಾಳ."

ನಾನು ಬಿಡಲಿಲ್ಲ, ಹದಿನೆಂಟು ವರ್ಷದ ಕಿವಿ ನನ್ನದು ಎಂದು ಎದೆ ತಟ್ಟಿಕೊಂಡೆ. ಅವರು ಪೇಟಿ ಮುಚ್ಚಿಸಿ, ತಂಬೂರಿಯೊಂದರ ಜೊತೆಗೇ ಇನ್ನೊಮ್ಮೆ ಹಾಡು ಎಂದು ಮಗಳಿಗೆ ಹೇಳಿದರು. ಅವಳು ನನ್ನ ಮುಖ ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಹಾಡಿದಳು. ಈ ಸಲ ಗಂಧಾರ ನಾನು ಕಲಿಸಿದ ಜಾಗದಲ್ಲೇ ಬಂದು ನಿಂತಿತು. ಭಲೆ ಎನ್ನಲು ಬಾಯಿ ತೆರೆದೆ.

ಆಗ ಪರೀಕ್ಷಕರ ಹಣೆಯ ಗಂಟು ಕಂಡಿತು. ತಬಲಾದವನು ನೆಲ ನೋಡುತ್ತಿದ್ದ. ಪರೀಕ್ಷಕರು ಪೆನ್ಸಿಲು ಎತ್ತಿಕೊಂಡರು.

ಎಲ್ಲ ಹೊಳೆಯಿತು. ಇಷ್ಟು ದಿನ ಮಗಳು ಎರಡು ಗಂಧಾರ ಇಟ್ಟುಕೊಂಡಿದ್ದಳು, ಮನೆಯಲ್ಲಿ ನನಗೊಂದು, ಹೊರಗೆ ಜಗತ್ತಿಗೊಂದು. ಸರಿ ಯಾವುದು, ತಪ್ಪು ಯಾವುದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, ಪರೀಕ್ಷೆ ಹೋದರೆ ಹೋಗಲಿ, ನಾಲ್ಕು ಜನರೆದುರು ಅಪ್ಪನ ಮಾತು ಬೀಳಬಾರದೆಂದು ತಪ್ಪನ್ನೇ ಹಾಡಿದಳು. ನನಗೆ ನನ್ನ ಮೇಲೆಯೇ ಹೇಸಿಕೆ ಬಂತು. ಬಾಯಿ ಮುಚ್ಚಿಕೊಂಡು ಹೊರಗೆ ನಡೆದಿದ್ದರೆ ನನ್ನ ಗುಟ್ಟು ಉಳಿಯುತ್ತಿತ್ತು. ಬಾಯಿ ಬಿಟ್ಟರೆ ಸಂಜೆಯೊಳಗೆ ತಬಲಾದವನ ಮೂಲಕ ಇಡೀ ಬಾಗಲಕೋಟೆಗೆ ಗೊತ್ತಾಗುತ್ತಿತ್ತು.

"ಯವ್ವಾ," ಎಂದೆ, "ಮೊದಲ ಹಾಡಿದ್ಯಲ್ಲ, ಅದನ್ನ ಹಾಡು. ನನ್ನ ಕಿವಿ ಕೆಟ್ಟಾವು."

ಪರೀಕ್ಷಕರು ಪೆನ್ಸಿಲು ಕೆಳಗಿಟ್ಟು, ಹಾಡು ಎಂದು ಅವಳಿಗೆ ಕೈ ಮಾಡಿದರು. ಅವಳು ಕಣ್ಣೊರೆಸಿಕೊಂಡು ಹಾಡಿದಳು. ನನ್ನ ಕಿವಿಗೆ ಆ ಗಂಧಾರ ಇಳಿದೇ ಕೇಳಿಸಿತು, ಪ್ರತಿ ಸಲವೂ ತಪ್ಪೆಂದೇ ಕೇಳಿಸಿತು. ಹಾಡು ಮುಗಿಯುವವರೆಗೆ ನಾನು ತಲೆದೂಗುತ್ತ ನಿಂತಿದ್ದೆ.