‘ನಮ್ಮಲ್ಲಿ ಸ್ವಯಂಸೇವೆ ಇಲ್ಲ’

“ನಮ್ಮಲ್ಲಿ ಸ್ವಯಂಸೇವೆ ಇಲ್ಲ ಮಾರಾಯ್ರೆ. ನೀವು ಕೂತ್ಕೊಳ್ಳಿ, ಟೇಬಲಿಗೇ ತಂದು ಕೊಡ್ತಾರೆ” ಎಂದರು ಪುಣೆಯ ಸ್ವಾರಗೇಟ್ ಬಳಿ ಹೋಟೆಲ್ ನಡೆಸುವ ಕುಂದಾಪುರದ ಶೆಟ್ಟರು. ಇಲ್ಲಿಯ ಕನ್ನಡಿಗರು ಪರರಿಗಾಗಿ ಎಷ್ಟು ಸಮಯ ಕೊಡುತ್ತಾರೆ ಎಂಬುದು ನನ್ನ ಸಂಶೋಧನೆಯ ವಿಷಯ. ‘ಸ್ವಯಂಸೇವೆ ಮಾಡುತ್ತೀರಾ?’ ಎಂಬುದು ಮೊದಲ ಪ್ರಶ್ನೆ.

ಅರ್ಥ ಬಿಡಿಸಿ ಹೇಳುವಷ್ಟರಲ್ಲಿ ಆಸ್ಪತ್ರೆಯ ಫೈಲು ಹಿಡಿದ ಹೆಂಗಸೊಬ್ಬರು ಬಂದರು. “ನಮ್ಮ ಮನಿಯವರಿಗೆ ಆಪರೇಷನ್ ಅದರೀ. ಡಾಕ್ಟರು ಸಹಿ ಮಾಡು ಅಂತಾರ, ಅವರ ಮಾತು ಒಂದೂ ತಿಳಿವಲ್ದು. ವಾರ್ಡಿನಾಗ ನಿಮ್ಮನ್ನ ಕೇಳು ಅಂದ್ರು.”

ಊಟದ ಹೊತ್ತು, ಹೋಟೆಲ್ ತುಂಬಿತ್ತು. ಶೆಟ್ಟರು ಗಲ್ಲಾವನ್ನು ಸಪ್ಲೈಯರ್‌ಗೆ ಒಪ್ಪಿಸಿ ಆಕೆಯೊಂದಿಗೆ ಹೊರಟೇಬಿಟ್ಟರು. “ವಾರದಾಗ ಮೂರ್ನಾಕು ಸಲ ಹಿಂಗರೀ” ಎಂದ ಸಪ್ಲೈಯರ್. ನಾನು ಪ್ರಶ್ನಾವಳಿ ಮಡಚಿಟ್ಟು ಕಾದೆ.

ಎರಡು ತಾಸಿನ ಬಳಿಕ ಮರಳಿದ ಶೆಟ್ಟರು ಹೇಳಿದರು: “ಡಾಕ್ಟರು ಮರಾಠಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳಿದೆ, ಅಷ್ಟೇ. ಪಾಪ, ಕಾಲೇ ತೆಗೀತಾರೆ ಅಂತ ಹೆದರಿದ್ರು. ಬರೀ ರಾಡ್ ಹಾಕುದು ಅಂತ ಗೊತ್ತಾದ ಮೇಲೆ ಸಹಿ ಹಾಕಿದ್ರು. ಅದಿರಲಿ, ನಿಮ್ಮದು ಊಟ ಆಯ್ತಾ?”

ಪ್ರಶ್ನಾವಳಿಯಿಂದ ‘ಸ್ವಯಂಸೇವೆ’ ಎಂಬ ಪದವನ್ನು ತೆಗೆದಿದ್ದೇನೆ. ‘ಕಳೆದ ವಾರ ಯಾರ ಜೊತೆ ಎಲ್ಲಿಗೆ ಹೋಗಿದ್ದಿರಿ?’ ಎಂದಷ್ಟೇ ಈಗ ಕೇಳುತ್ತೇನೆ. ಉತ್ತರ ಬರೆದುಕೊಳ್ಳಲು ಹಾಳೆ ಸಾಲುತ್ತಿಲ್ಲ.