ಬೀರುವಿನ ಮರೆ

ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ ಹದಿನಾರು ವರ್ಷದಿಂದ ದುಡಿಯುತ್ತಿದ್ದ ಆಕೆಗೆ ಸೈಕಲ್ ತಂಡದವರು ಇಟ್ಟ ಹೆಸರು ಬೀರು. ಬಟ್ಟೆ ಇಡುವ ಕಬ್ಬಿಣದ ಬೀರು. ಅಗಲವಾದ ಬೆನ್ನು, ಗಟ್ಟಿ ಭುಜ. ಎದುರುಗಾಳಿಯಲ್ಲಿ ಅವಳ ಹಿಂದೆ ಸೇರಿಕೊಂಡರೆ ಮೂರು ಜನ ಹಾಯಾಗಿ ಹರಟುತ್ತಾ ಬರಬಹುದಿತ್ತು. ಏಳು ವರ್ಷದಿಂದ ಹಾಗೇ ಬರುತ್ತಿದ್ದರು. ಕೊನೆಯ ಇನ್ನೂರು ಮೀಟರಿನಲ್ಲಿ ಯಾರಾದರೊಬ್ಬರು ಅವಳ ಹಿಂದಿನಿಂದ ಚಿಮ್ಮಿ, ಗೆರೆ ದಾಟಿ, ಎರಡೂ ಕೈ ಎತ್ತುತ್ತಿದ್ದರು. ಬೀರು ಒಮ್ಮೆಯೂ ಕೈ ಎತ್ತಿರಲಿಲ್ಲ.

ಬೇರೆ ಯಾರಾದರೂ ಗೆದ್ದಿದ್ದರೆ ಸಹಿಸಿಕೊಳ್ಳುತ್ತಿದ್ದಳೋ ಏನೋ. ಎರಡು ವರ್ಷದಿಂದ ಗೆಲ್ಲುತ್ತಿದ್ದವಳು ಅವಳ ಓರಗಿತ್ತಿ, ಮೈದುನನ ಹೆಂಡತಿ. ಒಂದೇ ಮನೆ, ಒಂದೇ ಒಲೆ, ಹಿತ್ತಲ ಗೋಡೆಗೆ ಒಂದರ ಮೇಲೊಂದು ಒರಗಿದ ಎರಡು ಸೈಕಲ್. ಮದುವೆಯಾಗಿ ಬಂದಾಗ ಆ ಹುಡುಗಿಗೆ ಗೇರ್ ಯಾವುದು, ಬ್ರೇಕ್ ಯಾವುದು ಎಂದೇ ಗೊತ್ತಿರಲಿಲ್ಲ. ಸೀಟು ಹಿಡಿದುಕೊಂಡು ಏದುಸಿರು ಬಿಡುತ್ತಾ ಹಿಂದೆ ಓಡಿದವಳು ಬೀರು. "ಏನೇ ಆದ್ರೂ ನನ್ನ ಹಿಂದಿನ ಚಕ್ರ ಬಿಡ್ಬೇಡ," ಎಂದು ಕಲಿಸಿದವಳೂ ಇವಳೇ. ಈಗ ಹಜಾರದ ಷೋಕೇಸಿನಲ್ಲಿ ಅತ್ತೆ ಗಾಜಿನ ಲೋಟಗಳನ್ನು ಸರಿಸಿ ಆ ಹುಡುಗಿಯ ಕಪ್‌ಗಳಿಗೆ ಜಾಗ ಮಾಡಿದ್ದರು. ದಿನಾ ಒರೆಸುತ್ತಿದ್ದರು ಬೇರೆ.

ಬೀರುವಿಗೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೆ ಬೇರೆ ಒಳ್ಳೆಯ ಹೆಸರು ಹುಡುಕಿ ಪ್ರಯೋಜನವಿಲ್ಲ. ಒಂದು ದಿನ ಲ್ಯಾಬಿನಲ್ಲಿ ಯಾರದೋ ಸೆಟ್ಟಿನ ಕೋರೆಹಲ್ಲು ಉಜ್ಜುತ್ತಾ ಕೂತಿದ್ದಾಗ ಓರಗಿತ್ತಿಯ ನಗು ನೆನಪಾಯಿತು; ಯಂತ್ರ ನಿಲ್ಲಿಸುವ ಹೊತ್ತಿಗೆ ಹಲ್ಲು ಅರ್ಧ ಸವೆದಿತ್ತು. ಇಡೀ ಸೆಟ್ ಮೊದಲಿನಿಂದ ಮಾಡಬೇಕಾಯಿತು.

ಈ ಸಲದ ರೇಸಿಗೆ ವಾರವಿರುವಾಗ ಅವಳು ನಾಚಿಕೆ ಬಿಟ್ಟು, ಓರಗಿತ್ತಿಯೂ ಸೇರಿ ಎಲ್ಲರ ಎದುರೇ ತಂಡದ ನಾಯಕಿಯನ್ನು ಕೇಳಿದಳು. ನಾಯಕಿ ಶಾಲೆಯೊಂದರ ಡ್ರಿಲ್ ಟೀಚರ್.

"ನಂಗೆ ನಲವತ್ತೆರಡಾಯ್ತು. ಈ ಒಂದ್ಸಲ ಕೊನೇಲಿ ನಾನು ಮುಂದಕ್ಕೆ ಚಿಮ್ತೀನಿ. ನನ್ನ ಓರಗಿತ್ತಿ ಮುಂದೆ ಇದ್ದು ಗಾಳಿ ತಗೊಳ್ಲಿ."

"ಅವಳ ಹಿಂದೆ ನೀನಾ?" ಟೀಚರ್ ನಕ್ಕುಬಿಟ್ಟರು. "ಪೊರಕೆಕಡ್ಡಿ ಹಿಂದೆ ಬೀರು ಬಚ್ಚಿಟ್ಟ ಹಾಗಾಗುತ್ತೆ ಕಣೆ!"

ಎಲ್ಲರೂ ನಕ್ಕರು. ಓರಗಿತ್ತಿಯೂ ನಕ್ಕಳು. ಉಳಿದವರ ನಗು ಅಲ್ಲಿಗೇ ಮುಗಿಯಿತು, ಅವಳದು ಮಾತ್ರ ಬೀರುವಿನ ಕಿವಿಯಲ್ಲೇ ಉಳಿಯಿತು.

ರೇಸಿನ ದಿನ ಗಾಳಿಯೋ ಗಾಳಿ. ನೋಂದಣಿಯ ಮೇಜಿನ ಕಾಗದಗಳ ಮೇಲೆ ಕಲ್ಲು ಹೇರಿದ್ದರು. ನಲವತ್ತು ಕಿಲೋಮೀಟರ್ ದಾಟುವಷ್ಟರಲ್ಲಿ ಟೀಚರೂ ಸೇರಿ ಮುಕ್ಕಾಲು ಪಾಲು ಜನ ಹಿಂದುಳಿದಿದ್ದರು. ಮುಂದೆ ಉಳಿದವರು ಏಳೇ ಜನ: ಬೀರು, ಅವಳ ಹಿಂದೆ ಓರಗಿತ್ತಿ, ಬೇರೆ ತಂಡಗಳ ಐವರು. ಕೊನೆಯ ಹನ್ನೆರಡು ಕಿಲೋಮೀಟರ್ ಒಂದು ಮರವೂ ಇಲ್ಲದ ಬಯಲು, ಗಾಳಿ ಎಡಗಡೆಯಿಂದ.

ಎಡದಿಂದ ಗಾಳಿ ಬೀಸಿದರೆ ಮುಂದಿನವರ ಮರೆ ಸಿಗುವುದು ಅವರ ಬಲಬದಿಯಲ್ಲಿ. ಹಾಗಾಗಿ ಮುಂದೆ ಹೋಗುವವರು ಬಲಕ್ಕೆ ಒಂದಿಷ್ಟು ರಸ್ತೆ ಬಿಡಬೇಕು. ಬೀರು ಏಳು ವರ್ಷವೂ ಬಿಟ್ಟಿದ್ದಳು. ಅಂದು ಬಿಡಲಿಲ್ಲ. ಮೆಲ್ಲಗೆ ಬಲಕ್ಕೆ, ಇನ್ನೂ ಬಲಕ್ಕೆ, ಜಲ್ಲಿ ಶುರುವಾಗುವ ಅಂಚಿಗೇ ಸರಿದು, ಹಲ್ಲು ಕಚ್ಚಿ ತುಳಿದಳು. ಈಗ ಹಿಂದಿದ್ದವರಿಗೆ ಗೇಣು ಮರೆಯಿಲ್ಲ. ಬೀಳು, ಹಿಂದೆ ಬೀಳು ಎಂದು ಮನಸ್ಸಿನಲ್ಲೇ ಓರಗಿತ್ತಿಗೆ ಹೇಳುತ್ತಿದ್ದಳು. ಹಿಂದಿನ ಉಸಿರಾಟಗಳು ಒಂದೊಂದಾಗಿ ದೂರವಾದವು. ಯಾರೋ ಬೈದರು, ಆಮೇಲೆ ಬೈಗುಳವೂ ಕೇಳಲಿಲ್ಲ. ತಿರುಗಿ ನೋಡಲು ಅವಳಿಗೆ ಮುಖವಿರಲಿಲ್ಲ.

ಒಂದು ಉಸಿರು ಮಾತ್ರ ಉಳಿಯಿತು. ಯಾವಳೋ ಹೊರಗಿನವಳಿರಬೇಕು, ಗೆದ್ದುಕೊಂಡು ಹೋಗಲಿ, ಓರಗಿತ್ತಿಗೆ ಸಿಗದಿದ್ದರೆ ಸಾಕು ಎಂದುಕೊಂಡಳು. ಕೊನೆಯ ಇನ್ನೂರು ಮೀಟರಿನಲ್ಲಿ ಆ ಉಸಿರು ಪಕ್ಕಕ್ಕೆ ಬಂತು, ಮುಂದಕ್ಕೆ ಹೋಯಿತು, ಗೆರೆ ದಾಟಿ ಎರಡೂ ಕೈ ಎತ್ತಿತು. ಕೈಗಳು ಓರಗಿತ್ತಿಯವು.

ಉಳಿದ ಐವರು ಬರಲು ಎರಡು ನಿಮಿಷ ಹಿಡಿಯಿತು. ಬಹಳ ಹೊತ್ತಿನ ಮೇಲೆ ಬಂದು ತಲುಪಿದ ಟೀಚರ್, ವಿಷಯ ಕೇಳಿ ಬೀರುವನ್ನು ಬಾಚಿ ತಬ್ಬಿಕೊಂಡರು. "ಎಂಥಾ ತಲೆಯೇ ನಿಂದು! ಅಂಚಿಗೆ ಹೋಗಿ ಐದೂ ಜನಕ್ಕೆ ನೀರು ಕುಡಿಸ್ದೆಯಲ್ಲೇ! ಓರಗಿತ್ತಿಗೋಸ್ಕರ ಯಾರು ಇಷ್ಟು ಮಾಡ್ತಾರೆ?" ಬಂದವರೆಲ್ಲ ಬೆನ್ನು ತಟ್ಟಿದರು. ಬೀರು ನಗಬೇಕಾಯಿತು. ಹಾಳು ಮಾಡಲು ಹೋಗಿ ನಾನೇ ಗೆಲ್ಲಿಸಿದೆನಲ್ಲ ಎಂದು ಮೈ ಪರಚಿಕೊಳ್ಳುವಂತಾಗಿತ್ತು.

ಸಂಜೆ ಹಿತ್ತಲಿನಲ್ಲಿ ಅವಳು ಚೈನ್ ಒರೆಸುತ್ತಿದ್ದಾಗ ಓರಗಿತ್ತಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಅಕ್ಕಾ, ಅಂಚಿಗೆ ಹೋಗಿದ್ದು ನನ್ನ ಕಳಚಿಕೊಳ್ಳೋಕೆ ತಾನೆ?"

ಇಲ್ಲ ಎನ್ನಬಹುದಿತ್ತು. ಸುಳ್ಳನ್ನು ಟೀಚರೇ ಸಿದ್ಧಮಾಡಿ ಕೊಟ್ಟಿದ್ದರು. "ಹೂಂ," ಎಂದಳು ಬೀರು.

"ಆ ಐದೂ ಜನ ಹಿಂದೆ ಬಿದ್ಮೇಲೂ ನೀವು ಅಂಚು ಬಿಡ್ಲಿಲ್ಲವಲ್ಲ, ಆಗ್ಲೇ ಗೊತ್ತಾಯ್ತು."

"ಗೊತ್ತಾದ್ಮೇಲೂ ಯಾಕೆ ಅಂಟ್ಕೊಂಡಿದ್ದೆ?"

"ನೀವೇ ಹೇಳಿದ್ದಲ್ವಾ, ಏನೇ ಆದ್ರೂ ಚಕ್ರ ಬಿಡ್ಬೇಡ ಅಂತ." ಹುಡುಗಿ ನಗುತ್ತಿರಲಿಲ್ಲ. "ಟೀಚರಿಗೆ ಹೇಳಲ್ಲ ಬಿಡಿ." ಎದ್ದು ಒಳಗೆ ಹೋದಳು.

ಬೀರು ಮತ್ತೆ ಚೈನ್ ಒರೆಸತೊಡಗಿದಳು. ಆ ಹುಡುಗಿ ಜಗಳಕ್ಕಾದರೂ ನಿಂತಿದ್ದರೆ ಚೆನ್ನಾಗಿತ್ತು. ಜಗಳದಲ್ಲಿ ಬೀರುವನ್ನು ಮೀರಿಸುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಹಜಾರದಲ್ಲಿ ಷೋಕೇಸಿನ ಬಾಗಿಲು ಸರಿದ ಸದ್ದಾಯಿತು.

"ದೊಡ್ಡವಳೇ, ಸ್ವಲ್ಪ ಬಾಮ್ಮ ಇಲ್ಲಿ," ಅತ್ತೆ ಕರೆದರು. "ಜಾಗ ಸಾಲ್ತಿಲ್ಲ. ಈ ಲೋಟಗಳನ್ನ ಹಿಡ್ಕೊ."

ಬೀರು ಕೈ ತೊಳೆದುಕೊಂಡು, ಲೋಟ ಹಿಡಿದುಕೊಳ್ಳಲು ಒಳಗೆ ಹೋದಳು.